ಹಿನ್ನೀರಿನ ಕ್ಲಬ್ಬಿನಲ್ಲಿ ಸ್ವಯಂಸೇವಕರಿಗೆ ಸನ್ಮಾನ: ನೋಟ್‌ಬುಕ್ಕಿನಿಂದ ಬಿನ್ನವತ್ತಳೆವರೆಗೆ

ಮೊದಲ ವರ್ಷ ನಾವು ಹನ್ನೊಂದು ಶಾಲು ಹಂಚಿದೆವು. ವೇದಿಕೆಗೆ ನಾಲ್ಕು ಮೆಟ್ಟಿಲು. ವರ್ಷವಿಡೀ ಗಾಲಿಕುರ್ಚಿಯಲ್ಲಿ ಬಂದು ಕಯಾಕ್ ದೋಣಿ ನಡೆಸಿದ ಹುಡುಗ ಕೆಳಗೇ ಉಳಿದ. ಅವನಿಗೆ ಸೀಟು ಹೊಂದಿಸಿಕೊಟ್ಟ ಟೈಲರ್ ಅಣ್ಣ ಕೊನೆಯ ಸಾಲಿನಲ್ಲಿ ಕೂತಿದ್ದರು. ಊಟ ಮಾಡಿ ಮನೆಗೆ ಹೋದರು. ಹಾಗಾದರೆ ಶಾಲು ಸಿಕ್ಕಿದ್ದು ಯಾರಿಗೆ? ಶಾಮಿಯಾನದ ಖರ್ಚು ಕೊಟ್ಟವರಿಗೆ, ಅವರ ಭಾವನಿಗೆ, ಬ್ಯಾನರ್ ಮಾಡಿಸಿದವರಿಗೆ.

ಗೊರೂರಿನ ಹೇಮಾವತಿ ಹಿನ್ನೀರಿನ ದಡದಲ್ಲಿ ನಮ್ಮದೊಂದು ಪುಟ್ಟ ಕ್ಲಬ್. ಆರು ಕಯಾಕ್, ಎರಡು ಹರಿಗೋಲು, ಒಂದು ತಗಡಿನ ಶೆಡ್. ಬೇಲೂರಿನ ಯಗಚಿಯಲ್ಲಿರುವಂತೆ ಜೆಟ್‌ಸ್ಕಿ, ಬನಾನಾ ರೈಡ್ ಏನೂ ಇಲ್ಲ. ಆದರೆ ಕಣ್ಣು ಕಾಣದವರು, ಕಿವಿ ಕೇಳದವರು, ಅರವತ್ತು ದಾಟಿದ ಹೆಂಗಸರು, ತೋಟದ ಲೈನ್ ಮನೆಗಳ ಮಕ್ಕಳು ಇಲ್ಲಿ ನೀರಿಗೆ ಇಳಿಯುತ್ತಾರೆ. ಅದು ತಾನಾಗಿ ಆಗಿದ್ದಲ್ಲ. ಒಂದೊಂದು ಅಡ್ಡಿಯನ್ನೂ ಯಾರೋ ಒಬ್ಬರು ಕೂತು ಬಿಡಿಸಿದ್ದಾರೆ. ಆ 'ಯಾರೋ ಒಬ್ಬರು' ಯಾರು ಅಂತ ಸರಿಯಾಗಿ ಹುಡುಕಿ, ಅವರು ಮಾಡಿದ್ದನ್ನು ಹೆಸರಿಟ್ಟು ಹೇಳುವುದೇ ಸನ್ಮಾನ. ಇದು ಅರ್ಥವಾಗಲು ನಮಗೆ ಮೂರು ವರ್ಷ ಬೇಕಾಯಿತು. ನೀವು ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿರಿ, ಅಯ್ಯನಕೆರೆಯ ಹತ್ತಿರವಿರಿ, ಈ ಕ್ರಮ ನಿಮಗೂ ಹೊಂದುತ್ತದೆ.

1. ವರ್ಷದ ಮುಂಚೆಯೇ ಒಂದು ನೋಟ್‌ಬುಕ್ ಇಡಿ

ಸಭೆಗೆ ಹದಿನೈದು ದಿನ ಇದೆ ಅನ್ನುವಾಗ 'ಯಾರಿಗೆ ಮಾಡೋಣ?' ಅಂತ ಕೂತರೆ ನೆನಪಾಗುವುದು ಜೋರಾಗಿ ಮಾತಾಡುವವರು ಮಾತ್ರ. ಸುಮ್ನೆ ಕೆಲಸ ಮಾಡಿ ಹೋದವರು ಯಾರ ನೆನಪಿಗೂ ಬರುವುದಿಲ್ಲ. ಅದಕ್ಕೇ ಶೆಡ್ಡಿನ ಮೊಳೆಗೆ ಒಂದು ನೋಟ್‌ಬುಕ್, ದಾರಕ್ಕೆ ಕಟ್ಟಿದ ಒಂದು ಪೆನ್ನು. ದಾರ ಕಟ್ಟುವುದು ಮರೆಯಬೇಡಿ. ನಮ್ಮ ಮೊದಲ ಪೆನ್ನು ಒಂದು ವಾರವೂ ಇರಲಿಲ್ಲ.

ಪ್ರತಿ ಸಾಲಿನಲ್ಲಿ ಮೂರೇ ಸಂಗತಿ ಬರೆಯಿರಿ. ಏನು ಅಡ್ಡಿ ಇತ್ತು, ಯಾರು ಏನು ಮಾಡಿದರು, ಆಮೇಲೆ ಏನು ಬದಲಾಯಿತು. ಬರೆಯಲು ಬಾರದವರು, ಕಣ್ಣು ಕಾಣದವರು ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಲಿ, ಯಾರಾದರೂ ಕೇಳಿ ಬರೆದುಕೊಳ್ಳಲಿ.

ನಮ್ಮ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: ಏಪ್ರಿಲ್‌ನಲ್ಲಿ ನೀರು ಹಿಂದಕ್ಕೆ ಸರಿದು ಶೆಡ್ಡಿನಿಂದ ನೀರಿನ ಅಂಚಿಗೆ ಅರವತ್ತು ಹೆಜ್ಜೆ ಕೆಸರು. ಗಾಲಿಕುರ್ಚಿ ಹೂತುಕೊಳ್ಳುತ್ತದೆ. ಪಕ್ಕದ ಊರಿನ ಅಣ್ಣತಮ್ಮಂದಿರಿಬ್ಬರು ಕೊಟ್ಟಿಗೆಯಲ್ಲಿ ಹಸುಗಳ ಕೆಳಗೆ ಹಾಸುವ ರಬ್ಬರ್ ಮ್ಯಾಟ್ ತಂದು ಹಾಸಿದರು. ಮ್ಯಾಟ್ ಒಂಬತ್ತೇ ಇದ್ದದ್ದರಿಂದ ಹಿಂದಿನದನ್ನು ಎತ್ತಿ ಮುಂದಕ್ಕೆ ಹಾಸುತ್ತಾ ನೀರಿನವರೆಗೆ ಕರೆದೊಯ್ದರು.

ಹಿನ್ನೀರಿನ ಕ್ಲಬ್ಬುಗಳಿಗೆ ಈ ಅಡ್ಡಿ ಬಿಟ್ಟದ್ದಲ್ಲ. ಮಳೆಗಾಲ ಮುಗಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ನೀರಿನಲ್ಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ಅದೇ ಚರ್ಚಿನ ಸುತ್ತ ನಡೆದಾಡಬಹುದು. ದಡ ಅಷ್ಟು ದೂರ ಹೋಗುತ್ತದೆ. ಸಿಮೆಂಟಿನ ರ‍್ಯಾಂಪ್ ಒಂದು ಕಟ್ಟಿಬಿಟ್ಟರೆ ಮುಗಿಯಿತು ಅಂದುಕೊಂಡವರು ಏಪ್ರಿಲ್‌ನಲ್ಲಿ ಬಂದು ನೋಡಬೇಕು.

2. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು?

ಗಂಟೆ ಲೆಕ್ಕ ಹಾಕಬೇಡಿ. ಜಾಸ್ತಿ ಹೊತ್ತು ಇರಲು ಆಗುವುದು ಜಾಸ್ತಿ ಬಿಡುವಿರುವವರಿಗೆ. ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ತೋಟದ ಕೆಲಸದವರು ತಿಂಗಳಿಗೊಮ್ಮೆ ಬಂದರೂ ದೊಡ್ಡದು. ನಾವು ಕೇಳುವ ಪ್ರಶ್ನೆ ಒಂದೇ: ಇವರು ಮಾಡಿದ ಕೆಲಸದಿಂದ, ಮೊದಲು ನೀರಿಗೆ ಬರಲಾಗದ ಯಾರು ಈಗ ಬರುತ್ತಿದ್ದಾರೆ?

ಟೈಲರ್ ಅಣ್ಣನ ಕೆಲಸವನ್ನೇ ನೋಡಿ. ಕಯಾಕ್ ನಡೆಯುವುದು ಮುಖ್ಯವಾಗಿ ತೋಳು, ಬೆನ್ನು, ಹೊಟ್ಟೆಯ ಬಲದ ಮೇಲೆ. ಕಾಲಿಗೆ ಶಕ್ತಿ ಇಲ್ಲದವರೂ ನಡೆಸಬಹುದು. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ಯಾರಾ ಕನೂಯಿಂಗ್, ಅಂದರೆ ಅಂಗವಿಕಲ ಆಟಗಾರರ ದೋಣಿ ಸ್ಪರ್ಧೆ, ಮೊದಲ ಸಲ ಸೇರಿತು. ಟೋಕಿಯೊದಲ್ಲಿ ಮಧ್ಯಪ್ರದೇಶದ ಪ್ರಾಚಿ ಯಾದವ್ ಭಾರತದ ಪರ ದೋಣಿ ನಡೆಸಿದರು. 2023ರಲ್ಲಿ ಹಾಂಗ್‌ಝೌನ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಅಲ್ಲಿ ಸೀಟನ್ನು ಆಟಗಾರರ ದೇಹಕ್ಕೆ ತಕ್ಕಂತೆ ಬದಲಿಸಿಕೊಳ್ಳಲು ಅವಕಾಶ ಇದೆ. ನಮ್ಮ ಕ್ಲಬ್ಬಿನಲ್ಲಿ ಆ ಕೆಲಸ ಮಾಡಿದ್ದು ಒಂದು ಹೊಲಿಗೆ ಮಷೀನು ಮತ್ತು ಹಳೇ ಹಾಸಿಗೆಯ ಫೋಮು.

ಅದರಲ್ಲೂ ಸೂಕ್ಷ್ಮ ಇದೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಹಲವರಿಗೆ ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ ಸೀಟಿನಲ್ಲಿ ಕೂತರೆ ಚರ್ಮ ಒತ್ತಿ ಹುಣ್ಣಾಗುತ್ತದೆ, ಅದು ಅವರಿಗೆ ತಿಳಿಯುವುದೂ ಇಲ್ಲ. ಬಿಸಿಲಿಗೆ ಕಾದ ಸೀಟಿನದೂ ಇದೇ ಕಥೆ. ಅದಕ್ಕೇ ಮೆತ್ತೆ, ಅದಕ್ಕೇ ಹೊದಿಕೆ. ಬೆನ್ನಿಗೆ ಆಸರೆ ಕೊಡಬೇಕು, ಆದರೆ ಬೆಲ್ಟು ಬಿಗಿದು ಕಟ್ಟಿಹಾಕಬಾರದು. ದೋಣಿ ಮಗುಚಿದರೆ ಮನುಷ್ಯ ತಾನೇ ಹೊರಬರಬೇಕು. ಟೈಲರ್ ಅಣ್ಣ ಮೊದಲು ಬಕಲ್ ಹಾಕಿದ್ದರು. ದಡದ ಹತ್ತಿರ ಎದೆಮಟ್ಟದ ನೀರಿನಲ್ಲಿ ನಾಲ್ಕು ಜನ ಸುತ್ತ ನಿಂತು ಮಗುಚಿ ನೋಡಿದೆವು. ಅವರೇ ಬೇಡ ಅಂದು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ವೆಲ್‌ಕ್ರೋ ಹೊಲಿದರು. ಒಟ್ಟು ಎಷ್ಟು ಗಂಟೆ? ಎರಡು ಸಂಜೆ ಇರಬಹುದು. ಇಡೀ ವರ್ಷ ದಡದಲ್ಲಿ ನಿಂತು ಫೋಟೋ ತೆಗೆದವರಿಗಿಂತ ಈ ಎರಡು ಸಂಜೆ ತೂಕದವು, ಅಲ್ವಾ?

ಇನ್ನೊಂದು ಮಾತು. ಅಂಗವಿಕಲತೆ ಅಂದರೆ ಗಾಲಿಕುರ್ಚಿ ಮಾತ್ರ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಹೆಸರಿಸಿದೆ. ಮುಂಚಿನ 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ. ಕಿವಿ ಕೇಳದವರಿಗೆ ನಮ್ಮ ಸೀಟಿ ಏನೂ ಪ್ರಯೋಜನವಿಲ್ಲ ಅಂತ ಹೊಳೆದದ್ದು ಬಿ.ಎಡ್ ಓದುವ ಒಬ್ಬಳು ಹುಡುಗಿಗೆ. ಅವಳು ಕೆಂಪು, ಹಳದಿ, ಹಸಿರು ಬಟ್ಟೆಯ ಬಾವುಟ ಮಾಡಿ, 'ವಾಪಸ್ ಬನ್ನಿ', 'ಅಲ್ಲೇ ನಿಲ್ಲಿ', 'ಮುಂದೆ ಹೋಗಿ' ಅಂತ ಎಲ್ಲರಿಗೂ ಕಲಿಸಿದಳು. ಈಗ ಗಾಳಿ ಜೋರಾದಾಗ ಕಿವಿ ಕೇಳುವವರೂ ಬಾವುಟವನ್ನೇ ನೋಡುತ್ತಾರೆ.

ಮತ್ತೆ ಕೆಲವು ಅಡ್ಡಿಗಳು ದೇಹದ್ದೇ ಅಲ್ಲ. ಹೆಂಗಸರು ಏಕೆ ಬರುತ್ತಿಲ್ಲ ಅಂತ ನಾವು ಗಂಡಸರು ಆರು ತಿಂಗಳು ಚರ್ಚೆ ಮಾಡಿದೆವು. ಒಬ್ಬರು ಅಕ್ಕ ಬಂದು ನಾಲ್ಕು ಬಿದಿರು ನೆಟ್ಟು, ಎರಡು ಬೆಡ್‌ಶೀಟ್ ಕಟ್ಟಿ ಬಟ್ಟೆ ಬದಲಿಸುವ ಜಾಗ ಮಾಡಿದರು. ಮುಂದಿನ ಭಾನುವಾರ ಏಳು ಜನ ಬಂದರು.

3. ಆಯ್ಕೆ ಯಾರು ಮಾಡಬೇಕು

ಐದು ಜನರ ಸಮಿತಿ ಸಾಕು. ಅದರಲ್ಲಿ ಕನಿಷ್ಠ ಇಬ್ಬರು, ಆ ಅಡ್ಡಿಗಳನ್ನು ತಾವೇ ಅನುಭವಿಸಿದವರಿರಲಿ. ಹೆಸರಿಗೆ ಕೂರಿಸುವುದಲ್ಲ, ಅವರ ಮಾತು ನಡೆಯಬೇಕು. ನಾವು ಒಂದು ವರ್ಷ ಒಬ್ಬ ಯುವಕನ ಹೆಸರು ಹೆಚ್ಚುಕಡಿಮೆ ಗಟ್ಟಿ ಮಾಡಿದ್ದೆವು. ಎಲ್ಲರನ್ನೂ ತಾನೇ ಎತ್ತಿ ದೋಣಿಯಲ್ಲಿ ಕೂರಿಸುತ್ತಿದ್ದ, ನೋಡಲು ಚೆನ್ನಾಗಿತ್ತು. ಸಮಿತಿಯಲ್ಲಿದ್ದ ಒಬ್ಬರು, 'ಅವನು ಕೇಳದೆ ಎತ್ತುತ್ತಾನೆ. ನನಗೆ ಹಿಂಸೆ ಆಗುತ್ತೆ' ಅಂದರು. ನಮಗೆ ಅದು ಕಂಡೇ ಇರಲಿಲ್ಲ. ಆ ಹುಡುಗನಿಗೆ ಪಕ್ಕಕ್ಕೆ ಕರೆದು ಹೇಳಿದೆವು. ಎತ್ತುವ ಮೊದಲು ಕೇಳುವುದನ್ನು ಕಲಿತ. ಎರಡು ವರ್ಷದ ಮೇಲೆ ಅವನ ಹೆಸರನ್ನು ಅದೇ ವ್ಯಕ್ತಿ ಸೂಚಿಸಿದರು.

ಮೊದಲನೇ, ಎರಡನೇ ಬಹುಮಾನ ಬೇಡ. ಎಲ್ಲರಿಗೂ ಕೊಡುವುದೂ ಬೇಡ. ಎಲ್ಲರ ಹೆಸರನ್ನೂ ಓದಿ ಥ್ಯಾಂಕ್ಸ್ ಹೇಳಿ, ಮೂರು ನಾಲ್ಕು ಜನರಿಗೆ ಮಾತ್ರ ಸನ್ಮಾನ. ದುಡ್ಡು ಕೊಟ್ಟವರಿಗೆ ಬೇರೆ ದಿನ ಕಾಫಿಗೆ ಕರೆದು ಕೃತಜ್ಞತೆ ಹೇಳಿ. ಎರಡನ್ನೂ ಒಂದೇ ವೇದಿಕೆಯಲ್ಲಿ ಬೆರೆಸಿದರೆ ಮೊದಲ ವರ್ಷದ ನಮ್ಮ ಕಥೆಯೇ ಆಗುತ್ತದೆ.

ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಒಂದು ಮಾತು ಕೇಳಿ. ಎಲ್ಲರೂ ವಿಆರ್‌ಡಬ್ಲ್ಯು ಅಂತಲೇ ಕರೆಯುತ್ತಾರೆ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ನಿಮ್ಮ ಕ್ಲಬ್ಬಿನಿಂದ ಇನ್ನೂ ಯಾರು ಹೊರಗಿದ್ದಾರೆ ಅನ್ನುವುದೂ ಅವರ ಬಾಯಿಂದಲೇ ತಿಳಿಯುವುದು.

4. ಮೊದಲು ಅವರನ್ನೇ ಕೇಳಿ

ಬೆಡ್‌ಶೀಟ್ ಕಟ್ಟಿದ ಅಕ್ಕ, 'ಪೇಪರ್‌ನಲ್ಲಿ ಫೋಟೋ ಬಂದರೆ ನಾನು ನಾಳೆಯಿಂದ ಬರಲ್ಲ' ಅಂದರು. ನಾವು ಸಭೆಯಲ್ಲಿ ಹೆಸರನ್ನೂ ಹೇಳಲಿಲ್ಲ. ಹೆಂಗಸರ ಬೆಳಗಿನ ಬ್ಯಾಚಿನವರೇ ದಡದಲ್ಲಿ ಅವರಿಗೆ ಅಕ್ಕಿರೊಟ್ಟಿ, ಕಾಯಿಚಟ್ನಿ ತಂದು ಬಡಿಸಿದರು. ಅದೂ ಸನ್ಮಾನವೇ. ಅಚ್ಚರಿ ಕೊಡೋಣ ಅಂತ ಯಾರನ್ನೂ ಹೇಳದೆ ವೇದಿಕೆಗೆ ಎಳೆಯಬೇಡಿ.

5. ಬಿನ್ನವತ್ತಳೆ ಬರೆಯುವುದು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೆ. ಸಾಮಾನ್ಯವಾಗಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸಿದ್ಧ ಮಾದರಿ ಇರುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟು 'ನಿಸ್ವಾರ್ಥ ಸೇವೆ', 'ಸಮಾಜದ ಕಣ್ಮಣಿ', 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಅಂತ. ಅದೇ ಪತ್ರವನ್ನು ನಿವೃತ್ತ ಮೇಷ್ಟ್ರಿಗೂ ಕೊಡಬಹುದು, ಸಹಕಾರ ಸಂಘದ ಅಧ್ಯಕ್ಷರಿಗೂ ಕೊಡಬಹುದು. ಹೆಸರು ಬದಲಿಸಿದರೂ ಪತ್ರ ಹೊಂದುತ್ತದೆ ಅಂದರೆ ಹರಿದು ಮತ್ತೆ ಬರೆಯಿರಿ.

ನೋಟ್‌ಬುಕ್ ತೆಗೆಯಿರಿ. ಅದೇ ಮೂರು ಸಂಗತಿ, ಅದೇ ಕ್ರಮದಲ್ಲಿ. ಐದಾರು ವಾಕ್ಯ ಸಾಕು. ಮ್ಯಾಟ್ ಹಾಸಿದ ಅಣ್ಣತಮ್ಮಂದಿರಿಗೆ ನಾವು ಓದಿದ್ದು ಇಷ್ಟು:

'ಏಪ್ರಿಲ್‌ನಲ್ಲಿ ನೀರು ಹಿಂದಕ್ಕೆ ಹೋದಾಗ ನಮ್ಮ ದಡದಲ್ಲಿ ಅರವತ್ತು ಹೆಜ್ಜೆ ಕೆಸರು. ಗಾಲಿಕುರ್ಚಿ ಅಲ್ಲೇ ನಿಲ್ಲುತ್ತಿತ್ತು. ನೀವಿಬ್ಬರೂ ನಿಮ್ಮ ಕೊಟ್ಟಿಗೆಯ ಒಂಬತ್ತು ಮ್ಯಾಟ್ ತಂದು ಹಾಸಿದಿರಿ. ಪ್ರತಿ ಭಾನುವಾರ ಅದನ್ನು ತೊಳೆದು, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ ಕೊಟ್ಟಿಗೆಗೆ ಹಾಕಿದಿರಿ. ಆ ಎರಡು ತಿಂಗಳು ಕೆಸರಿನ ಕಾರಣಕ್ಕೆ ಯಾರೂ ದಡದಲ್ಲಿ ಉಳಿಯಲಿಲ್ಲ. ನಿಮಗೂ ನಿಮ್ಮ ಹಸುಗಳಿಗೂ ಕ್ಲಬ್ಬಿನ ನಮಸ್ಕಾರ.'

ಹಸುವಿನ ಮಾತಿಗೆ ಸಭೆ ನಕ್ಕಿತು. ಅಣ್ಣ ನಗಲಿಲ್ಲ, ಕಣ್ಣೊರೆಸಿಕೊಂಡರು. ಹಾಲು ಕರೆಯುವ ಹೊತ್ತಿನ ಲೆಕ್ಕವನ್ನೂ ಯಾರೋ ಗಮನಿಸಿದ್ದಾರೆ ಅಂತ ಅವರಿಗೆ ಗೊತ್ತೇ ಇರಲಿಲ್ಲವಂತೆ.

ಬರೆಯುವಾಗ ಕೈತಪ್ಪುವ ಜಾಗಗಳಿವೆ. ಸ್ವಯಂಸೇವಕರನ್ನು ಹೊಗಳುವ ಭರದಲ್ಲಿ ನೀರಿಗಿಳಿದವರನ್ನು ಕನಿಕರದ ಗೊಂಬೆ ಮಾಡಬೇಡಿ. 'ಕತ್ತಲ ಬಾಳಿಗೆ ಬೆಳಕು', 'ಕಾಲಿಲ್ಲದವರಿಗೆ ಕಾಲಾದವರು' ಇವೆಲ್ಲ ಬೇಡ. ಯಾರಿಗೆ ಯಾವ ಕಾಯಿಲೆ, ಯಾವಾಗ ಆಯಿತು ಅನ್ನುವುದು ಮೈಕಿನಲ್ಲಿ ಹೇಳುವ ಸಂಗತಿ ಅಲ್ಲ. ಅಂಗವಿಕಲರು, ವಿಕಲಚೇತನರು, ವಿಶೇಷಚೇತನರು, ದಿವ್ಯಾಂಗರು ಅಂತ ಹಲವು ಪದ ಓಡಾಡುತ್ತಿವೆ. ಯಾವುದು ಸರಿ ಅಂತ ನೀವು ತೀರ್ಮಾನ ಮಾಡಬೇಡಿ. ಆ ವ್ಯಕ್ತಿಗೆ ಯಾವುದು ಇಷ್ಟ ಅಂತ ಕೇಳಿ. ಎಷ್ಟೋ ಸಲ ಪದವೇ ಬೇಕಿರುವುದಿಲ್ಲ. ಮೇಲಿನ ಪತ್ರದಲ್ಲಿ ಅಂಥ ಒಂದು ಪದವೂ ಇಲ್ಲ, ಕೆಸರು ಇದೆ ಅಷ್ಟೆ.

ಬರೆದ ಮೇಲೆ ಇಬ್ಬರಿಗೂ ಓದಿ ಹೇಳಿ: ಸನ್ಮಾನ ಪಡೆಯುವವರಿಗೆ, ಪತ್ರದಲ್ಲಿ ಯಾರ ಪ್ರಸ್ತಾಪ ಇದೆಯೋ ಅವರಿಗೆ. ಅಳಿಸಿ ಅಂದರೆ ಅಳಿಸಿ.

6. ಏನು ಕೊಡಬೇಕು

ನಮ್ಮ ಕಡೆ ಸನ್ಮಾನ ಅಂದರೆ ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ತಪ್ಪೇನಿಲ್ಲ. ಆದರೆ ಒಬ್ಬೊಬ್ಬರ ಬೀರುವಿನಲ್ಲಿ ಇಪ್ಪತ್ತು ಶಾಲು ಮಡಚಿ ಕೂತಿವೆ. 2021ರಲ್ಲಿ ರಾಜ್ಯ ಸರ್ಕಾರವೇ ತನ್ನ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಅಂದಿತು.

ನಾವು ಕೊಡುವುದು ಕೆಲಸಕ್ಕೆ ಬರುವ ವಸ್ತು. ಬಾವುಟದ ಹುಡುಗಿಗೆ ಸಂಜ್ಞೆ ಭಾಷೆಯ ತರಗತಿಯ ಫೀಸು. ಟೈಲರ್ ಅಣ್ಣನಿಗೆ ಒಳ್ಳೇ ಕತ್ತರಿ. ಬೇರೆಯವರನ್ನು ತನ್ನ ಆಟೋದಲ್ಲಿ ಕರೆತರುವ ಡ್ರೈವರ್‌ಗೆ ಮೂರು ತಿಂಗಳ ಪೆಟ್ರೋಲ್ ಖರ್ಚು. ಇದನ್ನು ಅವರ ಕೈಗೆ ಸದ್ದಿಲ್ಲದೆ ಕೊಡಿ, ವೇದಿಕೆಯಲ್ಲಿ ಮೊತ್ತ ಓದಬೇಡಿ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ಯಾವುದಕ್ಕೆ ಗೊತ್ತಾ? ರಜೆಗೆ. ಎರಡು ಭಾನುವಾರ ಅವರ ಬದಲಿಗೆ ಇನ್ನೊಬ್ಬರು ದಡ ಕಾಯುತ್ತಾರೆ ಅಂದಾಗ ಒಬ್ಬರ ಹೆಂಡತಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

7. ದಿನ ಮತ್ತು ಜಾಗ

ಡಿಸೆಂಬರ್ 3 ಅಂತರರಾಷ್ಟ್ರೀಯ ಅಂಗವಿಕಲರ ದಿನ, ಡಿಸೆಂಬರ್ 5 ಸ್ವಯಂಸೇವಕರ ದಿನ. ಎರಡರ ಆಸುಪಾಸಿನ ಭಾನುವಾರ ಚೆನ್ನ. ಮಳೆ ಹೋಗಿರುತ್ತದೆ, ನೀರು ಇನ್ನೂ ದಡದ ಹತ್ತಿರವೇ ಇರುತ್ತದೆ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಇಟ್ಟುಕೊಳ್ಳಬೇಡಿ. ಬಸ್ಸೂ ಸಿಗಲ್ಲ, ಜನವೂ ಸಿಗಲ್ಲ. ಬೆಳಗ್ಗೆಯೇ ಶುರು ಮಾಡಿ. ಮಧ್ಯಾಹ್ನದ ಮೇಲೆ ಹಿನ್ನೀರಿನಲ್ಲಿ ಗಾಳಿ ಏಳುತ್ತದೆ.

ವೇದಿಕೆ ಬೇಡವೇ ಬೇಡ. ಲೆಕ್ಕ ಹಾಕಿ ನೋಡಿ: ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಎರಡು ಅಡಿ ವೇದಿಕೆಗೆ ಇಪ್ಪತ್ತನಾಲ್ಕು ಅಡಿ ರ‍್ಯಾಂಪ್. ಶಾಮಿಯಾನದವರು ತರುವ ಹಲಗೆ ಆರು ಅಡಿ, ಅದು ರ‍್ಯಾಂಪ್ ಅಲ್ಲ, ಜಾರುಬಂಡಿ. ನೆಲದ ಮೇಲೇ ಕುರ್ಚಿಗಳನ್ನು ಅರ್ಧ ವೃತ್ತವಾಗಿ ಹಾಕಿ, ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ. ಮಧ್ಯೆ ಮಧ್ಯೆ ಕುರ್ಚಿ ಇಲ್ಲದ ಜಾಗ ಬಿಡಿ, ಗಾಲಿಕುರ್ಚಿಯವರು ತಮ್ಮವರ ಪಕ್ಕದಲ್ಲೇ ಕೂರಲಿ. ಮಾತಾಡುವವರ ಮುಖದ ಮೇಲೆ ಬೆಳಕಿರಲಿ, ಬೆನ್ನ ಹಿಂದೆ ಸೂರ್ಯ ಬೇಡ. ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿದ್ದಾರೆ. ಟಾಯ್ಲೆಟ್ಟಿಗೆ ಗಾಲಿಕುರ್ಚಿ ಹೋಗುತ್ತದಾ ಅಂತ ಹಿಂದಿನ ದಿನವೇ ಕುರ್ಚಿ ತಳ್ಳಿಕೊಂಡು ಹೋಗಿ ನೋಡಿ, ಟೇಪ್ ಹಿಡಿದು ಅಲ್ಲ.

ಜಲಾಶಯದ ಜಾಗವಾದರೆ ನೀರಾವರಿ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಹೇಮಾವತಿ, ಯಗಚಿ ಎರಡೂ ಕಾವೇರಿ ನೀರಾವರಿ ನಿಗಮದ ಕೆಳಗೆ ಬರುತ್ತವೆ.

8. ಆ ದಿನ

ಒಟ್ಟು ಮುಕ್ಕಾಲು ಗಂಟೆ. ಮುಖ್ಯ ಅತಿಥಿ ಬರಲೇಬೇಕು ಅಂತಿದ್ದರೆ ಕರೆಯಿರಿ, ಆದರೆ ಕಾಯಬೇಡಿ. ಒಂದು ಸಲ ಎರಡು ಗಂಟೆ ಕಾದು, ಬಿಸಿಲಿಗೆ ಇಬ್ಬರು ಮಕ್ಕಳು ಸುಸ್ತಾದರು. ಬಿನ್ನವತ್ತಳೆಯನ್ನು ನಿಧಾನವಾಗಿ ಓದಿ, ಪಕ್ಕದಲ್ಲಿ ಸಂಜ್ಞೆ ಭಾಷೆಯಲ್ಲಿ ಹೇಳುವವರಿರಲಿ. ಚಪ್ಪಾಳೆಯ ಜೊತೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿ, ಕಿವಿ ಕೇಳದವರ ಚಪ್ಪಾಳೆ ಹಾಗೆ.

ಪತ್ರ ಕೊಡುವವರು ಯಾರು? ಆ ಕೆಲಸದಿಂದ ನೀರಿಗೆ ಬಂದವರು, ಅವರಿಗೆ ಇಷ್ಟವಿದ್ದರೆ ಮಾತ್ರ. ಬಲವಂತ ಮಾಡಿದರೆ ಅವರು ಕೃತಜ್ಞತೆ ತೋರಿಸಲು ನಿಲ್ಲಿಸಿದ ಆಳಿನಂತೆ ಆಗುತ್ತಾರೆ.

ಆಮೇಲೆ ಎಲ್ಲರೂ ನೀರಿಗೆ, ಊಟಕ್ಕೆ ಮೊದಲು. ಸನ್ಮಾನ ಪಡೆದವರು ಅವತ್ತು ದೋಣಿ ಹಿಡಿಯುವುದಿಲ್ಲ, ದೋಣಿಯಲ್ಲಿ ಕೂರುತ್ತಾರೆ. ಟೈಲರ್ ಅಣ್ಣ ಅಷ್ಟು ಸೀಟು ಹೊಲಿದವರು, ಕಯಾಕ್ ಹತ್ತಿದ್ದು ಅವತ್ತೇ ಮೊದಲು. ಇಳಿದು ಬಂದು, 'ಮೊಣಕಾಲಿನ ಹತ್ತಿರ ಇನ್ನೊಂದು ಮೆತ್ತೆ ಬೇಕು' ಅಂದರು.

ಸಂಭ್ರಮದ ದಿನವೇ ಎಚ್ಚರ ತಪ್ಪುವುದು. ಪ್ರತಿಯೊಬ್ಬರಿಗೂ ಅವರ ಅಳತೆಯ ಲೈಫ್ ಜಾಕೆಟ್, ಅತಿಥಿಗೂ ಸೇರಿ. ದೇಹದ ಒಂದು ಪಕ್ಕಕ್ಕೆ ಬಲ ಕಡಿಮೆ ಇರುವವರು ಜಾಕೆಟ್ ಹಾಕಿಕೊಂಡು ಹೇಗೆ ತೇಲುತ್ತಾರೆ ಅಂತ ಮೊದಲೇ ಆಳವಿಲ್ಲದ ನೀರಿನಲ್ಲಿ ನೋಡಿರಬೇಕು. ಫಿಟ್ಸ್ ಬರುವವರಿದ್ದರೆ ಗುಟ್ಟಾಗಿ ಕೇಳಿಕೊಂಡು, ಅವರ ಜೊತೆ ಒಬ್ಬರನ್ನು ಬಿಡಿ. ನೀರೊಳಗೆ ಮುಳುಗಿದ ಮರದ ಬೊಡ್ಡೆ, ಹಳೇ ಗೋಡೆ ಇರುವ ಕಡೆ ಹಗ್ಗ ಕಟ್ಟಿ ಗಡಿ ಮಾಡಿ. ಹೋದ ತಲೆ, ಬಂದ ತಲೆ ಎಣಿಸಲು ಒಬ್ಬರು, ಅವರಿಗೆ ಬೇರೆ ಕೆಲಸ ಇಲ್ಲ.

9. ಮಾರನೇ ವಾರ

ಸನ್ಮಾನ ಪಡೆದವರನ್ನು ಒಂದೇ ಪ್ರಶ್ನೆ ಕೇಳಿ: ಮುಂದಿನ ಅಡ್ಡಿ ಯಾವುದು? ಅವರು ಹೇಳಿದ್ದಕ್ಕೆ ಕ್ಲಬ್ಬಿನ ಹಣದಲ್ಲಿ ಮೊದಲ ಪಾಲು ಇಡಿ. ಹೋದ ವರ್ಷ ಅಣ್ಣತಮ್ಮಂದಿರು ಮ್ಯಾಟ್ ಬಗ್ಗೆ ಏನೂ ಹೇಳಲಿಲ್ಲ. ಟಾಯ್ಲೆಟ್ಟಿನ ಬಾಗಿಲು ಒಳಗೆ ತೆರೆಯುತ್ತದೆ, ಗಾಲಿಕುರ್ಚಿ ಒಳಗೆ ಹೋದ ಮೇಲೆ ಬಾಗಿಲು ಹಾಕಲು ಆಗುವುದಿಲ್ಲ ಅಂದರು. ಗುರುವಾರ ಬಡಗಿ ಬಂದು ಕೀಲು ಕಿತ್ತು ಹೊರಗೆ ತೆರೆಯುವಂತೆ ಹಾಕಿದರು. ಕೂಲಿ ತೆಗೆದುಕೊಳ್ಳಲಿಲ್ಲ. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಈಗ ಅವರ ಹೆಸರಿದೆ.